ಚಮಚದಷ್ಟು ಪ್ರಸಾದ

ಹೋದ ತಿಂಗಳು ಗೋವಿನಕೋವಿಯಲ್ಲಿ ನನ್ನ ತಂಗಿ ಸರೋಜಳ ಮೊಮ್ಮಗಳಿಗೆ ಲಿಂಗದೀಕ್ಷೆ ಮಾಡಿದರು. ಚನ್ನಗಿರಿಗೆ ಕೊಟ್ಟಿರುವ ನನ್ನ ಮಗಳು ಶಶಿಕಲಾ ಜಗಳೂರಿಗೆ ಬಂದು, "ಅಪ್ಪಾಜಿನ ಎರಡು ದಿನ ನಾನು ನೋಡ್ಕೊಂತೀನಿ. ನೀನು ಹೋಗಿ ಬಾರವ್ವಾ, ನಾಲ್ಕು ಮಂದಿ ಮುಖ ನೋಡ್ದಂಗಾಗ್ತೈತೆ" ಎಂದು ತಾನೇ ಬಸ್ಸು ಹತ್ತಿಸಿದಳು. ದಾವಣಗೆರೆಯಲ್ಲೊಮ್ಮೆ, ಹೊನ್ನಾಳಿಯಲ್ಲೊಮ್ಮೆ ಬಸ್ಸು ಬದಲಿಸಿ ಹಿಂದಿನ ದಿನ ಸಂಜೆಗೇ ಹೋಗಿ ಸೇರಿದ್ದೆ.

ಮಗುವಿಗೆ ಒಂಬತ್ತು ವರ್ಷ. ಮಿಂದ ಕೂದಲು ಇನ್ನೂ ಆರಿರಲಿಲ್ಲ. ದೀಕ್ಷೆ ಕೊಡಲು ಬಂದ ಅಲ್ಲಿನ ಅಯ್ಯನವರು ಅವಳ ಎಡಗೈ ಬಿಡಿಸಿ ಲಿಂಗ ಇಟ್ಟರು, ಹಣೆಗೆ ವಿಭೂತಿ ಬಳಿದರು. "ಇವತ್ತಿಂದ ಇದನ್ನ ಮೈಮೇಲಿಂದ ಇಳಿಸಬಾರದವ್ವಾ. ದಿನಾ ಸ್ನಾನ ಮಾಡಿ, ಅಂಗೈ ಮೇಲಿಟ್ಕೊಂಡು ಪೂಜೆ ಮಾಡ್ಬೇಕು. ಪೂಜೆ ಆಗದೆ ಬಾಯಿಗೆ ಏನೂ ಹಾಕಂಗಿಲ್ಲ."

"ಬಿಸ್ಕೀಟು?" ಎಂದಳು ಹುಡುಗಿ.

"ಬಿಸ್ಕೀಟೂ ಹಾಕಂಗಿಲ್ಲ."

ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಒದ್ದೆ ವಿಭೂತಿಯ ವಾಸನೆ ಮೂಗಿಗೆ ಬಂತು. ಸುಣ್ಣದ ಗೋಡೆಗೆ ಮೊದಲ ಹನಿ ಬಿದ್ದಾಗ ಬರುತ್ತದಲ್ಲ, ಹಾಗೆ. ಎದ್ದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತುಬಿಟ್ಟೆ. ಸರೋಜ ಹಿಂದೆಯೇ ಬಂದಳು. "ಯಾಕಕ್ಕಾ, ಹೊಗೆ ತುಂಬ್ತಾ ಕಣ್ಣಿಗೆ?" "ಹೂಂ, ಹೊಗೆ" ಎಂದೆ. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಹೋದ ವರ್ಷದ ಬೇಸಿಗೆಯ ಮಾತು. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ.

ನಮ್ಮ ಮನೆಯವರ ಊರು ಸೊಕ್ಕೆ. ಅವರಿಗೂ ಎಂಟು ವರ್ಷಕ್ಕೆ ದೀಕ್ಷೆಯಾಗಿತ್ತಂತೆ. ಜಗಳೂರಿನಲ್ಲಿ ಓಣಿ ಓಣಿಗೆ ನೀರು ಬಿಡುವ ಕೆಲಸ ಮಾಡುತ್ತಿದ್ದರು. ಕೈಯಲ್ಲಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ, ಸೈಕಲ್ಲಿನ ಮೇಲೆ ಸವಾರಿ. ಇವತ್ತು ಈ ಓಣಿ, ನಾಳೆ ಆ ಓಣಿ. ಎಂಟು ದಿನಕ್ಕೊಮ್ಮೆ ನೀರು ಕಾಣುವ ಊರಿನಲ್ಲಿ ಅವರ ಸೈಕಲ್ಲಿನ ಗಂಟೆ ಕೇಳಿದರೆ ಹೆಂಗಸರು ಕೊಡ ಹಿಡಿದು ಓಡಿ ಬರುತ್ತಿದ್ದರು. ಎಲ್ಲಿಯಾದರೂ ಪೈಪು ಒಡೆದರೆ ಮಧ್ಯಾಹ್ನದವರೆಗೂ ಕೆಸರಿನಲ್ಲೇ ನಿಂತಿರಬೇಕಾಗುತ್ತಿತ್ತು. ಆಗಲೂ ಒಂದು ಲೋಟ ಚಹಾ ಮುಟ್ಟಿದವರಲ್ಲ. ಮನೆಗೆ ಬಂದು ಸ್ನಾನ, ಪೂಜೆ, ಆಮೇಲೆ ತಿಂಡಿ. ಮದುವೆಯಾದ ಹೊಸದರಲ್ಲಿ ನನಗೆ ಇದು ಕಷ್ಟವಾಗಿತ್ತು. ಅವರು ಉಣ್ಣದೆ ನಾನು ಉಣ್ಣುವಂತಿಲ್ಲ. ಹೊಟ್ಟೆ ಚುರುಗುಟ್ಟುತ್ತಾ ಬಾಗಿಲಲ್ಲಿ ಕೂತಿರುತ್ತಿದ್ದೆ. ಆಮೇಲಾಮೇಲೆ ಅದೇ ರೂಢಿಯಾಯಿತು. ಅಂಗೈ ಮೇಲಿನ ಲಿಂಗ ನೋಡುತ್ತಾ ಅವರು ಕೂತಿರುವ ಆ ಕಾಲು ಗಂಟೆ ಮನೆಯೊಳಗೆ ಪಾತ್ರೆ ಸದ್ದೂ ಮಾಡುತ್ತಿರಲಿಲ್ಲ ನಾನು. ಅಷ್ಟು ಚಂದ ಕೂರುತ್ತಿದ್ದರು.

ನಿವೃತ್ತಿಯಾದ ಮೇಲೆ ಮರೆವು ಶುರುವಾಯಿತು. ಮೊದಲು ಹೆಸರುಗಳು, ಆಮೇಲೆ ದಾರಿಗಳು. ಡಾಕ್ಟರು ತಲೆಯ ಫೋಟೋ ತೆಗೆಸಿ, ಇದಕ್ಕೆ ಡಿಮೆನ್ಶಿಯಾ ಅಂತಾರೆ ತಾಯಿ, ಮಿದುಳು ಸಣ್ಣಗಾಗ್ತಾ ಬರ್ತೈತೆ, ತಿರುಗಿ ಬರಂಗಿಲ್ಲ, ಹೊಟ್ಟೆಗೆ ಸರಿಯಾಗಿ ಬೀಳೋ ಹಂಗೆ ನೋಡ್ಕೊಳ್ರಿ ಸಾಕು ಎಂದಿದ್ದರು. ಮಗಳ ಹೆಸರು ತಪ್ಪಿದಾಗಲೂ ಅವರಿಗೆ ಪೂಜೆ ತಪ್ಪಿರಲಿಲ್ಲ. ನಾನು ಅದನ್ನೇ ದೊಡ್ಡ ದಯೆ ಎಂದುಕೊಂಡಿದ್ದೆ. ಎಲ್ಲ ತೆಗೆದುಕೊಂಡರೂ ಶಿವ ತನ್ನನ್ನು ಮಾತ್ರ ಇವರಿಗೆ ಉಳಿಸಿದ್ದಾನೆ, ಸಾಕು ಎಂದು ದಿನಾ ಕೈ ಮುಗಿಯುತ್ತಿದ್ದೆ.

ಯುಗಾದಿಯ ದಿನ ಬೇವು ಬೆಲ್ಲ ಬಾಯಿಗಿಟ್ಟು, ಹೋಳಿಗೆ ಮುರಿದು ಮೊದಲ ತುತ್ತು ಎತ್ತಿದವರು ಕೈ ನಿಲ್ಲಿಸಿದರು.

"ಗಿರಿಜಾ, ಪೂಜೆ ಆಗಿಲ್ಲ ಅಲ್ಲೇನೆ?"

"ಆತಲ್ರೀ, ಈಗ ತಾನೆ ಎದ್ದು ಬಂದ್ರಿ."

"ಇಲ್ಲ ಇಲ್ಲ. ಆಗಿಲ್ಲ." ತುತ್ತು ತಟ್ಟೆಯಲ್ಲಿಟ್ಟು ಬಚ್ಚಲಿಗೆ ಹೋದರು. ಮತ್ತೆ ಸ್ನಾನ, ಮತ್ತೆ ವಿಭೂತಿ, ಮತ್ತೆ ಕಾಲು ಗಂಟೆ. ಎದ್ದು ಬಂದು ತಟ್ಟೆಯ ಮುಂದೆ ಕೂತರು. ತುತ್ತು ಎತ್ತಿದರು. ನನ್ನ ಮುಖ ನೋಡಿದರು. "ಪೂಜೆ?"

ಆ ದಿನ ನಾಲ್ಕು ಸಲ. ಹೋಳಿಗೆ ಸಂಜೆ ಆಕಳಿಗೆ ಹೋಯಿತು.

ಆಮೇಲೆ ಅದೇ ದಿನಚರಿಯಾಯಿತು. ಪೂಜೆ ಮಾಡಿದ್ದು ಮರೆಯುತ್ತಿದ್ದರು, ಪೂಜೆ ಮಾಡದೆ ಉಣ್ಣಬಾರದೆಂಬುದು ಮರೆಯುತ್ತಿರಲಿಲ್ಲ. ಬೇಸಿಗೆ ಏರುತ್ತಿತ್ತು. ಕೊಳಾಯಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರು. ಎರಡು ಡ್ರಮ್ಮು ತುಂಬಿಟ್ಟರೆ ನಾಲ್ಕೇ ದಿನಕ್ಕೆ ತಳ ಕಾಣುತ್ತಿತ್ತು. ಪಕ್ಕದ ಮನೆಯ ಹಾಲಮ್ಮನ ಹತ್ತಿರ ಕೊಡ ಹಿಡಿದು ಹೋದರೆ ಅವಳು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. "ಏನಕ್ಕಾ, ನಿಮ್ಮ ಯಜಮಾನ್ರು ಊರಿಗೆಲ್ಲಾ ನೀರು ಬಿಟ್ಟೋರು. ಈಗ ಬಿಟ್ಟಿದ್ದನ್ನೆಲ್ಲಾ ವಾಪಸ್ ಇಸ್ಕೊಂತಾರೇನು?" ಬಾಯಿ ಹಾಗೆ, ಕೈ ಮಾತ್ರ ಆಗಲೇ ಕೊಡ ಬಗ್ಗಿಸುತ್ತಿರುತ್ತಿತ್ತು. ಹಾಲಮ್ಮನಂಥ ನೆರೆ ಕೊಟ್ಟದ್ದೂ ದಯೆಯೇ.

ನಾನು ಉಪಾಯ ಹುಡುಕಿದೆ. ಪೂಜೆಗೆ ಏರಿಸಿದ ಬಿಲ್ವಪತ್ರೆ, ಕಣಗಿಲೆ ಹೂವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟೆ. ಒದ್ದೆ ಟವೆಲ್ಲನ್ನು ಅವರ ಹೆಗಲ ಮೇಲೇ ಬಿಟ್ಟೆ. "ನೋಡ್ರಿ, ಪತ್ರೆ ಇಲ್ಲೇ ಐತೆ. ನೀವೇ ಏರಿಸಿದ್ದು. ಟವೆಲ್ಲು ಇನ್ನೂ ಹಸಿ ಐತೆ." ಪತ್ರೆಯನ್ನು ಎತ್ತಿ, ತಿರುಗಿಸಿ ನೋಡಿ, "ಹೌದು ಬಿಡು" ಎಂದು ಉಣ್ಣುತ್ತಿದ್ದರು. ಒಂದು ವಾರ ಹೀಗೇ ನಡೆಯಿತು. ಆ ವಾರ ನಾನು ಹಬ್ಬ ಮಾಡಿದವಳಂತೆ ಇದ್ದೆ.

ಎಂಟನೆಯ ದಿನ ಪತ್ರೆ ಎತ್ತಿ ನೋಡಿದವರು ನನ್ನ ಕಡೆ ತಿರುಗಿದರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಆ ಕಣ್ಣು ನಾನು ಕಂಡಿರಲಿಲ್ಲ. "ಇದನ್ನ ನೀನೇ ತಂದಿಟ್ಟೀಯ. ನನ್ನ ನೇಮ ಕೆಡಿಸಾಕೆ ನಿಂತೀಯೇನು?" ತಟ್ಟೆಯನ್ನು ಬದಿಗೆ ನೂಕಿದರು. ಮುದ್ದೆ ಉರುಳಿ ಹೊಸಿಲಿನ ತನಕ ಹೋಯಿತು.

ನೇಮ ಕೆಡಿಸುವವಳು. ಆ ಮಾತಿಗೆ ನಾನು ಸಿಟ್ಟಾಗಬಾರದಿತ್ತು, ಕಾಯಿಲೆ ಆಡಿಸಿದ್ದು. ಆದರೆ ಕಾಯಿಲೆಗೆ ಅವರದೇ ಬಾಯಿ, ಅವರದೇ ದನಿ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಅವರು ಇಳಿದು ಹೋಗತೊಡಗಿದರು. ಕುತ್ತಿಗೆಯ ಎಲುಬಿನ ಮೇಲೆ ಲಿಂಗ ಕಟ್ಟಿದ ಶಿವದಾರ ಹಗ್ಗದ ಹಾಗೆ ಕಾಣುತ್ತಿತ್ತು. ಪಂಚೆ ನಿಲ್ಲದೆ ಸೊಂಟಕ್ಕೆ ಬೆಲ್ಟು ಕಟ್ಟಿದೆ. ಅವರು ಉಣ್ಣದ ದಿನ ನನಗೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೊಡ ಹೊತ್ತು ಬರುವಾಗ ಕಣ್ಣು ಕತ್ತಲೆಯಾಗಿ ಅಂಗಳದಲ್ಲೇ ಕುಸಿದೆ. ಹಾಲಮ್ಮ ಬಂದು ಎಬ್ಬಿಸಿ, ಬೆಲ್ಲದ ನೀರು ಕುಡಿಸಿ ಬೈದಳು. "ಅವರೇನೋ ಮರೆತು ಉಪವಾಸ. ನೀವು ನೆನಪಿಟ್ಕೊಂಡು ಉಪವಾಸ ಇರ್ತೀರಲ್ಲ, ನಿಮಗೇನು ರೋಗ? ನೀವು ಬಿದ್ರೆ ಅವರನ್ನ ಯಾರು ಎತ್ತೋರು?"

ಕೊನೆಗೆ ಸೊಕ್ಕೆಯಿಂದ ನಮ್ಮ ಮನೆತನದ ಅಯ್ಯನವರನ್ನು ಕರೆಸಿದೆ. ನಮ್ಮವರಿಗಿಂತ ಸ್ವಲ್ಪ ದೊಡ್ಡವರು, ನಮ್ಮ ಮನೆಯ ಒಳ್ಳೆಯದು ಕೆಟ್ಟದ್ದೆಲ್ಲ ಕಂಡವರು. ಎಲ್ಲ ಕೇಳಿಕೊಂಡರು.

"ತಾಯಿ, ಊಟ ಅಂತ ಕೊಡಬ್ಯಾಡ್ರಿ. ಪ್ರಸಾದ ಅಂತ ಕೊಡ್ರಿ. ಪ್ರಸಾದ ಬ್ಯಾಡ ಅನ್ನೋ ಮನುಷ್ಯ ಅಲ್ಲ ಅವನು."

ಅಲ್ಲೇ ಒಂದು ಬಾಳೆಹಣ್ಣು ಸುಲಿದು, ಅರ್ಧ ಮುರಿದು, "ಪ್ರಸಾದ ತಗೋಳಪ್ಪಾ" ಎಂದು ಕೈ ನೀಡಿದರು. ಇವರು ಬಲಗೈಯ ಕೆಳಗೆ ಎಡಗೈ ಇಟ್ಟು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡರು. ಪೂಜೆಯ ಮಾತೇ ಎತ್ತಲಿಲ್ಲ. ನಾನು ಅಯ್ಯನವರ ಕಾಲಿಗೆ ಬಿದ್ದೆ.

ಮಾರನೆಯ ದಿನ ಬಿಸಿ ಮುದ್ದೆ, ಮೇಲೆ ಹುರುಳಿ ಸಾರು ಹಾಕಿ ತಂದು, "ಪ್ರಸಾದ ತಗೊಳ್ರಿ" ಎಂದೆ. ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ಇಷ್ಟು ದೊಡ್ಡ ಪ್ರಸಾದ ಯಾವ ದೇವರದ್ದೇ?"

ಆ ಬೇಸಿಗೆಯಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಅವರೂ ನಕ್ಕರು, ನಾನು ಯಾಕೆ ನಕ್ಕೆನೆಂದು ತಿಳಿಯದೆ. ಆದರೆ ಮುದ್ದೆ ಮುಟ್ಟಲಿಲ್ಲ. ಪ್ರಸಾದ ಅಂದರೆ ಅಂಗೈಯ ನಡುವೆ ಹಿಡಿಯುವಷ್ಟು. ಅಷ್ಟೇ. ಸರಿ, ಅಷ್ಟನ್ನೇ ಕೊಟ್ಟೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು ಮನೆಯೊಳಗೆ ತಿರುಗಿದೆ. ಒಂದು ಚಮಚ ಮೊಸರನ್ನ, ಪ್ರಸಾದ. ಒಂದು ಚಮಚ ಉಪ್ಪಿಟ್ಟು, ಪ್ರಸಾದ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆಲ್ಲ ಹಾಕಿ ಹಿಸುಕಿ ಉಂಡೆ ಕಟ್ಟಿ, ಪ್ರಸಾದ. ಮಾತ್ರೆಯನ್ನು ಪುಡಿ ಮಾಡಿ ಕಲ್ಲುಸಕ್ಕರೆಯಲ್ಲಿ ಬೆರೆಸಿ, ಅದೂ ಪ್ರಸಾದವೇ. ಪ್ರತಿ ಸಲವೂ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಪ್ರತಿ ಸಲವೂ ಕೈಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದರು. ತಲೆಯೆಲ್ಲ ಅನ್ನದ ಅಗುಳು, ಮೊಸರು. ಸಂಜೆ ಕೂತು ಬಾಚಣಿಗೆಯಲ್ಲಿ ತೆಗೆಯುತ್ತಿದ್ದೆ. ಇಪ್ಪತ್ತು ಚಮಚ ಬಿದ್ದ ದಿನ ದೇವರ ಮುಂದೆ ಎರಡು ದೀಪ ಹಚ್ಚುತ್ತಿದ್ದೆ. ಹತ್ತೇ ಬಿದ್ದ ದಿನ ಒಂದು.

ದೇವರ ಮುಂದೆ ಇಡದ ಅನ್ನಕ್ಕೆ ಪ್ರಸಾದ ಎಂದು ಸುಳ್ಳು ಹೇಳುತ್ತಿದ್ದೇನಲ್ಲ ಎಂಬ ಕಸಿವಿಸಿ ಇತ್ತು. ಅದಕ್ಕೇ ಮಾಡಿದ್ದನ್ನೆಲ್ಲ ಮೊದಲು ದೇವರ ಜಗುಲಿಯ ಮೇಲಿಟ್ಟು, ಕೈ ಮುಗಿದು, ಆಮೇಲೆ ಬಟ್ಟಲಿಗೆ ಹಾಕುತ್ತಿದ್ದೆ. ಹಾಲಿಗೆ ಕಲಸಿದ ಬಿಸ್ಕತ್ತನ್ನೂ ಕೂಡ.

ಆದರೆ ಸ್ನಾನ ನಿಲ್ಲಲಿಲ್ಲ. ಚಮಚ ಮುಗಿದ ಮೇಲೆ ಅವರಿಗೆ ಹಸಿವಾಗುತ್ತಿತ್ತು. ಹಸಿವಾದರೆ ಊಟ ನೆನಪಾಗುತ್ತಿತ್ತು. ಊಟ ನೆನಪಾದರೆ ಪೂಜೆ.

ರೋಹಿಣಿ ಮಳೆ ಬರಬೇಕಾದ ಕಾಲ, ಬರಲಿಲ್ಲ. ಒಣಗಾಳಿ ಬೀಸಿ ಮನೆಯೊಳಗೆಲ್ಲ ಕೆಂಪು ಧೂಳು. ನೀರು ಬಿಟ್ಟು ಹನ್ನೆರಡು ದಿನವಾಗಿತ್ತು. ಒಲೆಯ ಪಕ್ಕದಲ್ಲಿ ಕುಡಿಯಲು ಎರಡೇ ಕೊಡ ಮುಚ್ಚಿಟ್ಟಿದ್ದೆ. ನಾನು ಹಾಲಮ್ಮನ ಮನೆಗೆ ಹೋಗಿ ಬರುವಷ್ಟರಲ್ಲಿ ಅವರು ಎರಡನ್ನೂ ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿ ಮೈಮೇಲೆ ಸುರಿದುಕೊಂಡಿದ್ದರು. ಅದು ಆ ದಿನದ ಐದನೆಯ ಸ್ನಾನ. ನಡುಗುತ್ತಾ, ನೀರಿಳಿಸುತ್ತಾ ಬಂದು ಮಣೆಯ ಮೇಲೆ ಕೂತು ಎಡಗೈ ಚಾಚಿದರು. "ವಿಭೂತಿ ಕೊಡೇ."

ನನ್ನೊಳಗೆ ಏನಾಯಿತೋ. ವಿಭೂತಿ ಗಟ್ಟಿಯನ್ನು ನೆಲಕ್ಕೆ ಎಸೆದೆ. ಅದು ಎರಡು ಹೋಳಾಯಿತು. "ಪೂಜೆ, ಪೂಜೆ, ಪೂಜೆ! ಪೂಜೆ ಮಾಡ್ಕೊಂತ ಸಾಯ್ರಿ! ನಿಮ್ಮ ಜೊತೆ ನನ್ನೂ ಸಾಯಿಸ್ರಿ!"

ಅವರು ಹೆದರಿಬಿಟ್ಟರು. ಮಗುವಿನ ಹಾಗೆ ಮೊಣಕಾಲು ಮಡಚಿಕೊಂಡರು. ಆಮೇಲೆ ಬಗ್ಗಿ ಎರಡೂ ಹೋಳುಗಳನ್ನು ಹೆಕ್ಕಿ, ಊದಿ, ಒಂದಕ್ಕೊಂದು ಜೋಡಿಸಲು ನೋಡುತ್ತಾ ಕೂತರು. ಕೂಡುತ್ತಿರಲಿಲ್ಲ. ಮತ್ತೆ ಜೋಡಿಸುತ್ತಿದ್ದರು.

ಆ ಸಂಜೆ ನಾನು ನನ್ನ ಪೂಜೆಗೆ ಕೂತೆ. ನನ್ನ ಲಿಂಗ ಅಂಗೈ ಮೇಲಿತ್ತು. ನಲವತ್ತು ವರ್ಷದಿಂದ, ಇವರಿಗೆ ಆಯಸ್ಸು ಕೊಡು, ಮಗಳಿಗೆ ಒಳ್ಳೆಯದು ಮಾಡು ಎಂದು ಬೇಡುತ್ತಿದ್ದವಳು ಅವತ್ತು ಬಾಯಿಬಿಟ್ಟು, ದನಿ ತೆಗೆದು ಬೇಡಿಕೊಂಡೆ: "ತಂದೇ, ಇವರಿಗೆ ಪೂಜೆ ಮರೆಸಿಬಿಡು. ಊಟ ಒಂದು ನೆನಪಿರಲಿ." ಹೇಳಿದ ಮೇಲೆ ಎದೆ ಹಗುರಾಯಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಹಗುರಾಯಿತು.

ಕಾರಹುಣ್ಣಿಮೆಗೆ ಎರಡು ದಿನ ಮುಂಚೆ ಮಳೆ ಬಿತ್ತು. ಅಂಗಳದಲ್ಲಿಟ್ಟ ಪಾತ್ರೆಗಳೆಲ್ಲ ತುಂಬಿದವು. ಬೆಳಿಗ್ಗೆ ನಾನು ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಅವರು ಹಾಸಿಗೆಯಿಂದ ಎದ್ದವರು ನೆಟ್ಟಗೆ ಅಡುಗೆಮನೆಗೇ ಬಂದರು. ಮುಖ ತೊಳೆದಿರಲಿಲ್ಲ. ಹಣೆ ಬರಿದಾಗಿತ್ತು.

"ಘಮ ಬರ್ತೈತಲ್ರೀ. ತಿಂಡಿ ಏನೈತೆ?"

ನಾನು ಸೌಟು ಹಿಡಿದು ನಿಂತೆ. ಬಚ್ಚಲಿನ ಕಡೆ ನೋಡಲೂ ಹೆದರಿಕೆ, ನಾನು ನೋಡಿದರೆ ಅವರಿಗೂ ನೆನಪಾದೀತೆಂದು. ತಟ್ಟೆಗೆ ಹಾಕಿ ಕೊಟ್ಟೆ. ಮಣೆ ಕೇಳಲಿಲ್ಲ, ಅಲ್ಲೇ ನೆಲದ ಮೇಲೆ ಕೂತು ಉಂಡರು. ಹಸಿಮೆಣಸಿನಕಾಯಿ ಬದಿಗಿಟ್ಟು, ಶೇಂಗಾ ಒಂದೊಂದೇ ಹೆಕ್ಕಿ ತಿಂದರು. ತಟ್ಟೆ ಖಾಲಿಯಾಯಿತು. "ಇನ್ನೊಂದೀಟು ಹಾಕ್ರಿ" ಎಂದರು. ಹಾಕಿದೆ. ಅದೂ ಖಾಲಿಯಾಯಿತು.

ನನಗೆ ಕುಣಿಯುವಷ್ಟು ಸಂತೋಷ. ಮಗಳಿಗೆ ಫೋನು ಮಾಡಿ, "ಶಶಿ, ನಿಮ್ಮಪ್ಪಾಜಿ ಎರಡು ತಟ್ಟೆ ತಿಂದ್ರು ಕಣೇ! ಒಂದು ಮಾತಿಲ್ಲ, ಕಥೆಯಿಲ್ಲ!" ಎಂದೆ. ಅವಳು ಆ ಕಡೆ ಅತ್ತಳು. ಫೋನಿಟ್ಟು ನಾನೂ ಒಂದು ತಟ್ಟೆ ಹಾಕಿಕೊಂಡು ಅವರ ಎದುರಿಗೇ ಕೂತೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ತಿಂದೆ. ಅವತ್ತಿನಂಥ ರುಚಿ ಮಂಡಕ್ಕಿಗೆ ಆಮೇಲೆ ಬಂದಿಲ್ಲ.

ಕೈ ತೊಳೆಸಲು ಅಂಗಳಕ್ಕೆ ಕರೆದುಕೊಂಡು ಹೋದೆ. ಬಗ್ಗಿದಾಗ ಅಂಗಿಯೊಳಗಿಂದ ಕರಡಿಗೆ ಜೋತುಬಿತ್ತು. ಲಿಂಗ ಇಡುವ ಬೆಳ್ಳಿಯ ಸಣ್ಣ ಭರಣಿ ಅದು, ದಾರದಲ್ಲಿ ಕಟ್ಟಿ ಎದೆಯ ಮೇಲೆ ಧರಿಸುವುದು. ಅವರು ಅದನ್ನು ಒದ್ದೆ ಕೈಯಲ್ಲಿ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಕೊರಳಿನಿಂದ ತೆಗೆದರು. ಎಂಟನೆಯ ವಯಸ್ಸಿನಿಂದ ಒಂದು ದಿನವೂ ಮೈಯಿಂದ ಇಳಿಯದ್ದು. ನನ್ನ ಕೈಗೆ ಕೊಟ್ಟರು.

"ಯಾರದ್ದೋ ನೋಡ್ರಿ ತಾಯಿ, ಇದು ನನ್ನ ಕೊರಳಾಗೆ ಬಂದೈತೆ. ಬೆಳ್ಳೀದು. ಪಾಪ, ಹುಡುಕ್ತಿರ್ತಾರೆ, ಕೊಟ್ಬಿಡ್ರಿ."

"ನಿಮ್ಮದೇ ರೀ. ನಿಮ್ಮ ಲಿಂಗ."

"ನಂದಲ್ಲ" ಎಂದು ನಕ್ಕರು. ಬೇರೆಯವರ ವಸ್ತು ಮುಟ್ಟದ ಮನುಷ್ಯ ನಗುವ ಹಾಗೆ, ಹೊಟ್ಟೆ ತುಂಬಿದ ಸಮಾಧಾನದಲ್ಲಿ ನಕ್ಕರು. ನನ್ನನ್ನೂ ತಾಯಿ ಎಂದದ್ದು ಆಮೇಲೆ ನನ್ನ ಗಮನಕ್ಕೆ ಬಂತು. ಗಿರಿಜಾ ಎಂಬ ಹೆಸರನ್ನು ಆಮೇಲೆ ನಾನು ಅವರ ಬಾಯಲ್ಲಿ ಕೇಳಿಲ್ಲ.

ಮತ್ತೆ ಕಟ್ಟಿದೆ. ಸಂಜೆಗೆ ತೆಗೆದು ಕಿಟಕಿಯ ಮೇಲಿಟ್ಟಿದ್ದರು. ಮರುದಿನ ಕಟ್ಟಿದೆ. ಹಾಲಮ್ಮನ ಮನೆಗೆ ಹೋಗಿ, "ನಿಮ್ಮದೇನ್ರೀ ಇದು?" ಎಂದು ಕೇಳಿ ಬಂದರಂತೆ. ಅವಳೇ ಅದನ್ನು ತಂದುಕೊಟ್ಟು ಹೋದಳು. ಮೂರನೆಯ ದಿನ ಅಯ್ಯನವರಿಗೆ ಫೋನು ಮಾಡಿದೆ. "ಬಲವಂತ ಬ್ಯಾಡ ತಾಯಿ. ಜಗುಲಿ ಮೇಲಿಡ್ರಿ. ಅವನು ಬಿಟ್ರೂ ಅದು ಅವನನ್ನ ಬಿಡಂಗಿಲ್ಲ" ಎಂದರು. ದೊಡ್ಡವರ ಮಾತು. ನಂಬಬೇಕು. ಇಟ್ಟೆ.

ಅಲ್ಲಿಂದ ಅವರು ಚೆನ್ನಾಗಿ ಉಣ್ಣುತ್ತಿದ್ದಾರೆ. ಬೆಲ್ಟು ಬೇಕಿಲ್ಲ. ಕೆನ್ನೆ ತುಂಬಿದೆ. ಡಾಕ್ಟರು ತೂಕ ನೋಡಿ, "ಬಾಳ ಚೆನ್ನಾಗಿ ನೋಡ್ಕೊಂಡೀರಿ ತಾಯಿ, ಎಲ್ಲಾರೂ ನಿಮ್ಮಂಗೆ ಇರಲ್ಲ" ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆ ಎಂದುಕೊಂಡಿರಬೇಕು. ಕಾಯಿಲೆಯೇ ಹಾಗೆ, ಬೇಡಿದರೂ ಬೇಡದಿದ್ದರೂ ಅದರ ದಾರಿ ಅದು ಹಿಡಿಯುತ್ತದೆ ಎಂದು ಮಗಳು ಹೇಳುತ್ತಾಳೆ, ಅವಳಿಗೂ ಪೂರ್ತಿ ಹೇಳಿಲ್ಲ ನಾನು. ಓದಿದವಳು, ಅವಳ ಮಾತು ಸರಿಯೇ ಇರಬಹುದು. ಆದರೆ ಬೇಡಿದ್ದು ನಾನು. ಕೊಟ್ಟವನು ಒಂದು ಮಾತು ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ.

ಈಗಲೂ ಸ್ನಾನ ಮಾಡಿ ಪೂಜೆಗೆ ಕೂರುತ್ತೇನೆ. ಎದುರಿಗೆ ಜಗುಲಿಯ ಮೇಲೆ ಅವರ ಕರಡಿಗೆ, ನನ್ನ ಅಂಗೈಯಲ್ಲಿ ನನ್ನದು. ನಮಃ ಶಿವಾಯ ಎನ್ನುತ್ತೇನೆ, ಅಷ್ಟೇ. ಏನೂ ಬೇಡುವುದಿಲ್ಲ. ಆಯಸ್ಸು ಬೇಡಲು ಹೆದರಿಕೆ, ನೆನಪು ಬೇಡಲು ಹೆದರಿಕೆ, ಬಿಡುಗಡೆ ಬೇಡಲಂತೂ ಇನ್ನೂ ಹೆದರಿಕೆ. ಬಾಯಿ ಬಿಗಿ ಹಿಡಿದು ಕೂತಿರುತ್ತೇನೆ. ಪತ್ರೆ ಏರಿಸುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ದನಿ ಬರುತ್ತದೆ.

"ಯಾರೈದೀರ್ರೀ ಒಳಗೆ? ಹಸಿವಾಗೈತೆ."

ಲಿಂಗವನ್ನು ಕೊರಳಿಗೆ ಹಾಕಿಕೊಂಡು ಎದ್ದು ಹೋಗುತ್ತೇನೆ.